ಜಗನ್ಮೋಹನ ಅರಮನೆಗೆ ಮಕ್ಕಳನ್ನ ಕರ್ಕೊಂಡು ಹೋಗಿದ್ದು, ಒಂದ್ಸಲ ಕೆಟ್ಟದಾಗಿ ಒಂದ್ಸಲ ಪರವಾಗಿಲ್ಲ ಅನ್ನೋ ಹಂಗೆ

ನಾನು ಚನ್ನರಾಯಪಟ್ಟಣದ ಕಡೆ ಒಂದು ಸರ್ಕಾರಿ ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರ ಪರಿಸ್ಥಿತಿ ಗೊತ್ತಲ್ಲ, ಯಾರಾದ್ರೂ ರಜಾ ಹಾಕಿದ್ರೆ ಆ ಪೀರಿಯಡ್ ನಮ್ಮ ತಲೆಗೆ, ಎಸ್ಸೆಸ್ಸೆಲ್ಸಿ ಹತ್ರ ಬಂತು ಅಂದ್ರೆ ನಮ್ಮ ಪೀರಿಯಡ್ ಗಣಿತದವರಿಗೆ, ಆಗಸ್ಟ್ 15 ಬಂದಾಗ ಬೋರ್ಡ್ ಮೇಲೆ ಧ್ವಜ ಬರೆಯೋಕೆ ಮಾತ್ರ ಎಲ್ರಿಗೂ ನಾವು ನೆನಪಾಗ್ತೀವಿ. ಆದ್ರೆ ಪ್ರವಾಸಕ್ಕೆ ಮೈಸೂರು ಅಂತ ಆದಾಗ ಮಾತ್ರ ಪಟ್ಟಿಯಲ್ಲಿ ಚಿತ್ರಗಳ ಗ್ಯಾಲರಿ ಇರೋ ಜಗನ್ಮೋಹನ ಅರಮನೆ ಇರ್ಲೇಬೇಕು ಅಂತ ಹಠ ಹಿಡಿಯೋನು ನಾನೇ.

ಮೊದಲ ಸಲ ಹೋಗಿದ್ದು 2011ರ ಡಿಸೆಂಬರಲ್ಲಿ. 52 ಮಕ್ಕಳು, ನಾಲ್ಕು ಜನ ಟೀಚರ್ಸು, ಒಂದು ಕೆಂಪು ಬಸ್ಸು. ಬೆಳಗ್ಗೆ ಐದಕ್ಕೆ ಬಿಟ್ಟು ಚಾಮುಂಡಿ ಬೆಟ್ಟ, ಝೂ, ದೊಡ್ಡ ಅರಮನೆ, ಜಗನ್ಮೋಹನ ಅರಮನೆ, ಸಂಜೆ ಕೆಆರ್‌ಎಸ್ ಲೈಟು, ಎಲ್ಲ ಒಂದೇ ದಿನಕ್ಕೆ. ಇದನ್ನ ಮಾಡಿದ್ದು ನಾನೇ ಅಂತ ಹೇಳ್ಕೊಳ್ಳೋಕೆ ಈಗ ನಾಚಿಕೆ ಆಗುತ್ತೆ, ಆದ್ರೆ ಎಲ್ಲ ಸ್ಕೂಲಿನವರೂ ಹಂಗೇ ಮಾಡೋದು. ಜಗನ್ಮೋಹನ ಅರಮನೆ ಬಾಗಿಲಿಗೆ ಬರೋ ಹೊತ್ತಿಗೆ ಮಧ್ಯಾಹ್ನ ಮೂರೂವರೆ, ಪುಳಿಯೋಗರೆ ತಿಂದು ಕಣ್ಣು ಎಳೀತಿದೆ, ಇಬ್ರಿಗೆ ವಾಂತಿ ಆಗಿದೆ, ಪಿಟಿ ಮೇಷ್ಟ್ರು "ಬೇಗ ಮುಗಿಸಿ ಸಾ, ಕೆಆರ್‌ಎಸ್ ಹೋಗ್ಬೇಕು" ಅಂತ ಗಡಿಯಾರ ನೋಡ್ತಿದಾರೆ. ಸುಮ್ನೆ ನೋಡ್ಕೊಂಡು ಹೋಗ್ಬಿಡ್ತಾರೆ ಅಂತ ನಾನೊಂದು ಬುದ್ಧಿವಂತಿಕೆ ಮಾಡಿದ್ದೆ, ಪ್ರತಿಯೊಬ್ರೂ ಹತ್ತು ಚಿತ್ರದ ಹೆಸರು, ಕಲಾವಿದನ ಹೆಸರು ಬರ್ಕೊಂಡು ಬರ್ಬೇಕು ಅಂತ. ಪರಿಣಾಮ ಏನಾಯ್ತು ಅಂದ್ರೆ ಒಂದು ಮಗುನೂ ತಲೆ ಎತ್ತಿ ಚಿತ್ರ ನೋಡ್ಲಿಲ್ಲ, ಎಲ್ಲ ಬಗ್ಗಿ ಲೇಬಲ್ ಕಾಪಿ ಮಾಡ್ಕೊಂಡು ಮುಂದಕ್ಕೆ ಓಡಿದ್ವು. 25 ನಿಮಿಷದಲ್ಲಿ ನಾವು ಆಚೆ ಇದ್ವಿ.

ಸೋಮವಾರ ವರದಿ ಬರ್ಕೊಂಡು ಬಂದ್ರು. ಜಿರಾಫೆ ಬಗ್ಗೆ ಒಂದು ಪುಟ, ಕೆಆರ್‌ಎಸ್ ಕಾರಂಜಿ ಬಗ್ಗೆ ಒಂದು ಪುಟ, ನಮ್ಮ ಗ್ಯಾಲರಿ ಬಗ್ಗೆ ಒಂದೇ ಸಾಲು, "ಅಲ್ಲಿ ತುಂಬಾ ಫೋಟೋಗಳು ಇದ್ದವು." ಮೊದಲು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದ್ರೆ ಅವರದ್ದೇನು ತಪ್ಪು, ನಮ್ಮ ಮನೆಗಳಲ್ಲಿ ಕಟ್ಟು ಹಾಕಿ ಗೋಡೆಗೆ ಹೊಡೆದಿದ್ದೆಲ್ಲ ಫೋಟೋನೇ, ಲಕ್ಷ್ಮೀ ಫೋಟೋ, ತೀರ್ಕೊಂಡ ಅಜ್ಜನ ಫೋಟೋ. ಇದನ್ನ ಯಾರೋ ಕೂತು ಕೈಯಲ್ಲಿ ಬರೆದಿದಾರೆ ಅಂತ ನಾನು ಯಾವತ್ತು ಹೇಳ್ಕೊಟ್ಟಿದ್ದೆ.

ಆದ್ರೆ ಆ ದರಿದ್ರ ಕಾಪಿ ಕೆಲಸದಿಂದ ಒಂದು ಲಾಭ ಆಯ್ತು. ಅಲ್ಲಿ ಎಲ್ರೂ ಹುಡುಕ್ಕೊಂಡು ಹೋಗೋ ದೀಪ ಹಿಡ್ಕೊಂಡ ಹೆಂಗಸಿನ ಚಿತ್ರ ಇದೆಯಲ್ಲ, ಅದನ್ನ ನಾನು ಎಷ್ಟೋ ವರ್ಷದಿಂದ ಕ್ಲಾಸಲ್ಲಿ ರವಿವರ್ಮಂದು ಅಂತಲೇ ಹೇಳ್ತಾ ಬಂದಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಲೇಬಲ್ ಬರ್ಕೊಂಡೋಳು ನನ್ನ ಹತ್ರ ಬಂದು ಮೆತ್ತಗೆ "ಸಾರ್, ಇಲ್ಲಿ ಬೇರೆ ಹೆಸರಿದೆಯಲ್ಲ" ಅಂದ್ಲು. ನೋಡಿದ್ರೆ ಹಲ್ದಣಕರ್. ಸಾವಂತವಾಡಿ ಕಡೆಯ ಎಸ್. ಎಲ್. ಹಲ್ದಣಕರ್, 1882ರಲ್ಲಿ ಹುಟ್ಟಿದವರು, ಚಿತ್ರ ಬರೆದಿದ್ದು 1940ರ ದಶಕದಲ್ಲಿ, ರವಿವರ್ಮ 1906ರಲ್ಲೇ ತೀರ್ಕೊಂಡಿದಾರೆ! ಅದೂ ಎಣ್ಣೆ ಬಣ್ಣ ಅಲ್ಲ, ಜಲವರ್ಣ. ಡ್ರಾಯಿಂಗ್ ಮೇಷ್ಟ್ರಾಗಿ ನನಗೆ ಆದ ಅವಮಾನ ಇದೆಯಲ್ಲ, ಯಾರಿಗೂ ಗೊತ್ತಾಗ್ಲಿಲ್ಲ, ಆ ಹುಡುಗಿಗೆ ಬಿಟ್ಟು.

ಎರಡನೇ ಸಲ 2013ರ ನವೆಂಬರ್, ದೀಪಾವಳಿ ಆಗಿ ಒಂದೂವರೆ ವಾರ. ಡಿಸೆಂಬರ್ ಬೇಡ ಅಂದೆ, ಯಾಕಂದ್ರೆ ಡಿಸೆಂಬರಲ್ಲಿ ಇಡೀ ರಾಜ್ಯದ ಸ್ಕೂಲುಗಳು ಮೈಸೂರಲ್ಲೇ ಇರ್ತವೆ. ಶನಿವಾರ ಭಾನುವಾರನೂ ಬೇಡ, ಮಂಗಳವಾರ ಝೂ ರಜಾ, ಹಂಗಾಗಿ ಗುರುವಾರ. ಕೆಆರ್‌ಎಸ್ ತೆಗೆದೆ, ಬೆಟ್ಟ ತೆಗೆದೆ. ಝೂ ತೆಗೆಯೋ ಧೈರ್ಯ ಮಾಡ್ಲಿಲ್ಲ, ಝೂ ಇಲ್ಲ ಅಂದ್ರೆ ಯಾವ ಅಪ್ಪ ಅಮ್ಮನೂ ದುಡ್ಡು ಕೊಡಲ್ಲ. ಎಚ್ಚೆಮ್ ಮೇಡಂ ಒಪ್ಪಿದ್ರು, ಪಿಟಿ ಮೇಷ್ಟ್ರು ಒಂದು ವಾರ ನನ್ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ಬಿಇಓ ಆಫೀಸಿನ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಡಿಪೋಗೆ ಅರ್ಜಿ, ಇವೆಲ್ಲ ಎಲ್ರಿಗೂ ಗೊತ್ತಿರೋದೇ, ಬಿಡಿ.

ಹೋಗೋಕೆ ಮೂರು ವಾರ ಮುಂಚೆ ಒಂದು ಭಾನುವಾರ ನಾನೊಬ್ನೇ ಬಸ್ ಹತ್ತಿ ಹೋಗಿ, ಟಿಕೆಟ್ ತಗೊಂಡು ಎರಡು ಗಂಟೆ ಒಳಗಿದ್ದೆ. ಇದನ್ನ ಯಾರೂ ಮಾಡಲ್ಲ, ಮಾಡಿ ಅಂತ ನಾನು ಹೇಳ್ತೀನಿ. ಚಿತ್ರ ನೋಡೋಕಷ್ಟೇ ಅಲ್ಲ, ಟಾಯ್ಲೆಟ್ ಎಲ್ಲಿದೆ, ಬಸ್ಸು ಎಲ್ಲಿ ನಿಲ್ಸಬಹುದು, ಯಾವ ಚಿತ್ರದ ಮುಂದೆ 12 ಮಕ್ಕಳು ನೆಲದ ಮೇಲೆ ಕೂತ್ರೆ ದಾರಿ ಕಟ್ಟಲ್ಲ, ಯಾವುದರ ಗಾಜಿನ ಮೇಲೆ ಬೆಳಕು ಬಿದ್ದು ನಮ್ಮ ಮುಖನೇ ಕಾಣುತ್ತೆ, ಇದೆಲ್ಲ ಒಂದು ಹಾಳೆಯಲ್ಲಿ ಬರ್ಕೊಂಡೆ. ಅಷ್ಟು ದೊಡ್ಡ ಅರಮನೆಯಲ್ಲಿ ಮೂರೇ ಮೂರು ಆರಿಸ್ಕೊಂಡೆ. ರವಿವರ್ಮನ ಜಟಾಯು, ಗೋಡೆ ಮೇಲಿನ ಸಂತಾನಾಂಬುಜ, ಆಮೇಲೆ ದೀಪದ ಚಿತ್ರ. ಬಾಕಿ ಎಲ್ಲ ಅವರವರ ಇಷ್ಟ.

ಕ್ಲಾಸಲ್ಲಿ ತಯಾರಿ ಶುರು ಮಾಡಿದ್ದು ದೀಪದಿಂದ. ಚಿತ್ರ ತೋರಿಸ್ಲೇ ಇಲ್ಲ. ಕಿಟಕಿ ಎಲ್ಲ ಮುಚ್ಚಿಸಿ, ಬೆಳಕು ಬರೋ ಕಡೆ ಕಂಬಳಿ ಕಟ್ಟಿಸಿ, ಒಬ್ಬ ಹುಡುಗಿ ಕೈಲಿ ಹಣತೆ ಕೊಟ್ಟು ಗಾಳಿಗೆ ಆರದ ಹಂಗೆ ಇನ್ನೊಂದು ಕೈ ಅಡ್ಡ ಹಿಡಿ ಅಂದೆ. ಎಲ್ಲಿ ಬೆಳಕಿದೆ ಹೇಳಿ ಅಂದ್ರೆ ಮೊದಲು ಎಲ್ರೂ "ಮುಖದ ಮೇಲೆ ಸಾರ್" ಅಂದ್ರು. ಇನ್ನೂ ನೋಡಿ ಅಂದೆ. ಗಲ್ಲದ ಕೆಳಗೆ, ಮೂಗಿನ ಒಂದು ಪಕ್ಕ, ಸರ ಇರೋ ಜಾಗ. ಒಂದೆರಡು ನಿಮಿಷ ಆದ್ಮೇಲೆ ಹಿಂದಿನ ಬೆಂಚಿಂದ ಒಬ್ಬ "ಸಾರ್, ಅವಳ ಬೆರಳು ಒಳಗಿಂದ ಕೆಂಪಗೆ ಕಾಣ್ತಿದೆ" ಅಂತ ಕೂಗಿದ. ಅದೇ ಬೇಕಾಗಿದ್ದು. ಎಲ್ರೂ ಎದ್ದು ಬಂದು ಒಬ್ಬೊಬ್ರೇ ಕೈ ಅಡ್ಡ ಹಿಡಿದು ನೋಡ್ಕೊಂಡ್ರು, ಆ ಗಲಾಟೆಯಲ್ಲಿ ಒಬ್ಬನ ಅಂಗಿ ತೋಳು ಸುಟ್ಟಿತು, ಅವರ ಅಮ್ಮನಿಗೆ ನಾನೇ ಹೋಗಿ ಕ್ಷಮೆ ಕೇಳ್ಬೇಕಾಯ್ತು. ಮುಂದಿನ ಸಲದಿಂದ ಹಣತೆ ಬಿಟ್ಟು ಟಾರ್ಚು.

ಆಮೇಲಿನ ಪೀರಿಯಡ್ಡಲ್ಲಿ ಅದನ್ನೇ ವಾಟರ್ ಕಲರಲ್ಲಿ ಬರೀರಿ ಅಂದೆ. ಎಲ್ರೂ ಪೂರ್ತಿ ಹಾಳೆಗೆ ಕಪ್ಪು ಬಳಿದು, ಕೊನೆಗೆ ಅದರ ಮೇಲೆ ಹಳದಿ ಇಟ್ರು, ಕೆಸರಾಯ್ತು. ಅಲ್ಲೇ ಪಾಠ ಇರೋದು. ಎಣ್ಣೆ ಬಣ್ಣದಲ್ಲಿ ಕತ್ತಲ ಮೇಲೆ ಬೆಳಕು ಇಡಬಹುದು, ಜಲವರ್ಣದಲ್ಲಿ ಬಣ್ಣ ತೆಳು, ಬೆಳಕು ಬರೋದು ಬಿಳಿ ಹಾಳೆಯಿಂದಲೇ, ಹಾಗಾಗಿ ಬೆಳಕಿರೋ ಜಾಗ ಮೊದಲೇ ಬಿಟ್ಕೊಂಡು ಸುತ್ತ ಕತ್ತಲೆ ಕಟ್ಟಬೇಕು, ಒಂದ್ಸಲ ತಪ್ಪಿದ್ರೆ ಮುಗೀತು. ಮೂರು ಮೂರು ಹಾಳೆ ಹಾಳು ಮಾಡ್ಕೊಂಡ ಮೇಲೆ ಆ ಕಷ್ಟ ಅವರ ಕೈಗೆ ಹತ್ತಿತ್ತು.

ಹೋದ ದಿನ ಬಸ್ಸು ನೇರ ಜಗನ್ಮೋಹನ ಅರಮನೆಗೆ ಬಿಡ್ಸಿದೆ, ಝೂ ಮಧ್ಯಾಹ್ನಕ್ಕೆ. ಬೆಳಗ್ಗೆ ಮಕ್ಕಳ ಕಣ್ಣಲ್ಲಿ ಶಕ್ತಿ ಇರುತ್ತೆ. 48 ಜನನ್ನ 12ರಂತೆ ನಾಲ್ಕು ಗುಂಪು ಮಾಡಿ ಒಂದೊಂದು ಗುಂಪಿಗೆ ಒಬ್ಬೊಬ್ರು ಟೀಚರು, ಕೈಯಲ್ಲಿ ಪೆನ್ಸಿಲ್ಲು, ಒಂದು ಹಾಳೆ, ಬರೆಯೋ ಪ್ರಶ್ನೆ ಒಂದೂ ಇಲ್ಲ. ಪೆನ್ನು ಬಸ್ಸಲ್ಲೇ ಬಿಡ್ಸಿದ್ದೆ, ಇಂಕು ಎಲ್ಲಾದ್ರೂ ತಾಗಿದ್ರೆ ಗತಿ ಏನು.

ಜಟಾಯು ಮುಂದೆ ನಾನು ಕೇಳಿದ್ದು ಮೂರೇ ಪ್ರಶ್ನೆ. ಇಲ್ಲಿ ಏನು ನಡೀತಿದೆ, ಹಂಗೆ ಅನ್ಸೋಕೆ ಚಿತ್ರದಲ್ಲಿ ಏನು ನೋಡ್ದೆ, ಇನ್ನೇನು ಕಾಣುತ್ತೆ. ಇದು ನನ್ನ ಸ್ವಂತದ್ದಲ್ಲ, ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನ ಶಿಕ್ಷಣ ವಿಭಾಗ ನೋಡ್ಕೊಳ್ತಿದ್ದ ಫಿಲಿಪ್ ಯೆನವೈನ್ ಮತ್ತೆ ಮನಶ್ಶಾಸ್ತ್ರದ ಅಬಿಗೇಲ್ ಹೌಸೆನ್ ಸೇರಿ ಮಾಡಿದ ಪದ್ಧತಿ, ಒಂದು ತರಬೇತಿಯಲ್ಲಿ ಜೆರಾಕ್ಸ್ ಕೊಟ್ಟಿದ್ರು. ಕಷ್ಟ ಏನು ಅಂದ್ರೆ ಮೇಷ್ಟ್ರು ಬಾಯಿ ಮುಚ್ಕೊಂಡಿರ್ಬೇಕು. ನಮಗೆ ಅದು ಬರಲ್ಲ. ಕಥೆ ಗೊತ್ತಿರೋದ್ರಿಂದ ಮೊದಲು ಎಲ್ರೂ ರಾಮಾಯಣ ಒಪ್ಪಿಸಿದ್ರು. ಹಂಗಲ್ಲ, ಚಿತ್ರದಲ್ಲಿ ಏನಿದೆ ಅಂದಾಗ ಒಬ್ಳು "ಸೀತೆ ನೋಡಕ್ಕಾಗ್ದೆ ಮುಖ ಮುಚ್ಕೊಂಡಿದಾಳೆ" ಅಂದ್ಲು. ಇನ್ನೊಬ್ಬ "ರಾವಣಂಗೆ ಒಂದೇ ತಲೆ ಇದೆ, ತಪ್ಪು ಬರೆದಿದಾರೆ" ಅಂದ. ಅದಕ್ಕೆ ಪಕ್ಕದೋನು "ನಮ್ಮೂರ ನಾಟಕದಲ್ಲೂ ರಾವಣಂಗೆ ಒಂದೇ ತಲೆ ಕಣೋ, ನಮ್ ಚಿಕ್ಕಪ್ಪನೇ ಮಾಡೋದು, ಹತ್ತು ತಲೆ ಇಟ್ಕೊಂಡು ಕುಣಿಯಕ್ಕಾಗುತ್ತಾ" ಅಂತ ಜಗಳಕ್ಕೇ ನಿಂತ. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ರವಿವರ್ಮನ ಚಿತ್ರಗಳಲ್ಲಿ ನಾಟಕದ ರಂಗಸಜ್ಜಿಕೆ ಇದೆ ಅಂತ ದೊಡ್ಡ ದೊಡ್ಡವರು ಬರೀತಾರಲ್ಲ, ಈ ಹುಡುಗ ಚಿಕ್ಕಪ್ಪನ ಮೂಲಕ ಸೀದಾ ಅಲ್ಲಿಗೇ ಬಂದುಬಿಟ್ಟಿದ್ದ. ಆಗ ಮಾತ್ರ ನಾನು ಬಾಯಿ ಬಿಟ್ಟು, ಈ ಮನುಷ್ಯ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ, ಅಲ್ಲಿಂದ ದೇವರ ಚಿತ್ರಗಳು ಪ್ರಿಂಟಾಗಿ ಊರೂರಿಗೆ ಹೋದ್ವು, ನಿಮ್ಮನೆ ಕ್ಯಾಲೆಂಡರಿನ ಲಕ್ಷ್ಮಿ ಸರಸ್ವತಿ ಅದೇ ವಂಶದೋರು ಅಂದೆ. ಅಂದ್ರೆ "ಫೋಟೋ" ಅಂತ ಬರೆದಿದ್ದ ಹುಡುಗರು ಪೂರ್ತಿ ತಪ್ಪಾಗಿರ್ಲಿಲ್ಲ.

ಸಂತಾನಾಂಬುಜ ನೋಡದವರಿಗೆ ಹೇಳ್ತೀನಿ, ಅದು ಒಡೆಯರ ವಂಶವೃಕ್ಷ, ಆದ್ರೆ ಮರದ ಹಂಗಲ್ಲ, ಕಮಲದ ಹಂಗೆ, ದಳ ದಳಕ್ಕೂ ಜನ. ಈ ಅರಮನೆ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ಅರಮನೆ 1861ರದ್ದು. ವಂಶನ ಹೂವಾಗಿ ಬರೀಬಹುದು ಅನ್ನೋದೇ ಮಕ್ಕಳಿಗೆ ಸೋಜಿಗ. ಆದ್ರೆ ಸತ್ಯ ಹೇಳ್ಬೇಕು ಅಂದ್ರೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಿಸೋಕೆ ಆಗ್ಲಿಲ್ಲ, ಆ ಫ್ರೆಂಚ್ ಗಡಿಯಾರ ಇದೆಯಲ್ಲ, ಪುಟಾಣಿ ಸೈನಿಕರದ್ದು, ಅದರ ಹತ್ರ ಅರ್ಧ ಗುಂಪು ಜಾರ್ಕೊಂಡಿತ್ತು. ಗಡಿಯಾರದ ಜೊತೆ ಡ್ರಾಯಿಂಗ್ ಮೇಷ್ಟ್ರು ಪೈಪೋಟಿ ಮಾಡಬಾರ್ದು.

ದೀಪದ ಚಿತ್ರದ ಮುಂದೆ ಮೊದಲ ಗುಂಪನ್ನ ಕರ್ಕೊಂಡು ಹೋಗಿ ಒಂದು ನಿಮಿಷ ಯಾರೂ ಮಾತಾಡ್ಬೇಡಿ ಅಂದಿದ್ದೆ. ಅರ್ಧ ನಿಮಿಷನೂ ಆಗ್ಲಿಲ್ಲ, ಅಂಗಿ ಸುಟ್ಕೊಂಡಿದ್ದ ಹುಡುಗನೇ "ಬೆರಳು! ಬೆರಳು ನೋಡಿ ಸಾರ್" ಅಂದ. ಚಿತ್ರದಲ್ಲಿ ದೀಪಕ್ಕೆ ಅಡ್ಡ ಹಿಡಿದ ಕೈ ಬೆರಳ ಸಂದಿಯಲ್ಲಿ ಅದೇ ಕೆಂಪು. ಆಮೇಲೆ ಎಲ್ರೂ ಶುರು, ಇಲ್ಲಿ ಹಾಳೆ ಬಿಟ್ಕೊಂಡಿದಾರೆ, ಇಲ್ಲಿ ಎರಡು ಸಲ ವಾಶ್ (ತೆಳು ಬಣ್ಣದ ಪದರ) ಕೊಟ್ಟಿದಾರೆ, ಸೀರೆ ನೆರಿಗೆ ಹೆಂಗೆ ಬರೆದ್ರು, ತಪ್ಪೇ ಮಾಡಿಲ್ವಾ ಸಾರ್ ಇವ್ರು. ಮೂರು ಹಾಳೆ ಹಾಳು ಮಾಡ್ಕೊಂಡ ಮಕ್ಕಳು ಕೇಳೋ ಪ್ರಶ್ನೆ ಅದು, ಲೇಬಲ್ ಕಾಪಿ ಮಾಡೋ ಮಕ್ಕಳು ಕೇಳಲ್ಲ. ಹಿಂದೆ ಕಾಯ್ತಿದ್ದ ಒಂದು ಸಂಸಾರದೋರು "ಸ್ವಲ್ಪ ಜಾಗ ಬಿಡ್ಸಿ ಮೇಷ್ಟ್ರೇ, ನಮಗೂ ನೋಡ್ಬೇಕು" ಅಂದ್ರು, ತಪ್ಪು ನಂದೇ, ಎರಡು ಗುಂಪು ಒಟ್ಟಿಗೆ ಸೇರಿಬಿಟ್ಟಿತ್ತು. ಮಕ್ಕಳನ್ನ ಪಕ್ಕಕ್ಕೆ ಸರಿಸಿದ್ರೆ ಆ ಮನೆಯ ಅಜ್ಜಿಗೆ ನಮ್ಮ ಹುಡುಗಿಯೊಬ್ಳು ಬೆರಳಿನ ವಿಷಯ ವಿವರಿಸ್ತಾ ನಿಂತಿದ್ಲು.

ಆ ಚಿತ್ರಕ್ಕೆ ಮಾಡೆಲ್ ಆಗಿದ್ದು ಹಲ್ದಣಕರ್ ಅವರ ಮಗಳು ಗೀತಾ. ಅವರು ನೂರು ವರ್ಷ ದಾಟಿ ಬದುಕಿ 2018ರಲ್ಲಿ ಕೊಲ್ಲಾಪುರದಲ್ಲಿ ತೀರ್ಕೊಂಡ್ರು ಅಂತ ಪೇಪರಲ್ಲಿ ಓದಿದೆ. ಅಂದ್ರೆ ನಾವು ಹೋದಾಗ ಅವರಿನ್ನೂ ಇದ್ರು. ಗೊತ್ತಿದ್ದಿದ್ರೆ ಮಕ್ಕಳ ಕೈಲಿ ಒಂದು ಕಾಗದ ಬರೆಸ್ತಿದ್ದೆ, ಅದೊಂದು ಕೊರಗು ಹಂಗೇ ಉಳ್ಕೊಂಡಿದೆ.

ವಾಪಸ್ ಬಂದ್ಮೇಲೆ ವರದಿ ಕೇಳ್ಲಿಲ್ಲ. ಜನವರಿ 26ಕ್ಕೆ ಊರವರೆಲ್ಲ ಸ್ಕೂಲಿಗೆ ಬರ್ತಾರಲ್ಲ, ಆವತ್ತಿಗೆ ನಮ್ಮದೇ ಒಂದು ಪ್ರದರ್ಶನ ಮಾಡೋಣ ಅಂತ ಆಯ್ತು. ಕಾರಿಡಾರಲ್ಲಿ ನೈಲಾನ್ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಲ್ಲಿ ಚಿತ್ರ ಸಿಕ್ಸಿದ್ವಿ, ಮೊದಲು ನನ್ನ ಕಣ್ಣಿನ ಎತ್ತರಕ್ಕೆ ಕಟ್ಟಿದ್ದೆ, ಎಂಟನೇ ಕ್ಲಾಸಿನೋರು "ನಮಗೆ ಕಾಣಲ್ಲ ಸಾರ್" ಅಂದ್ಮೇಲೆ ಬಿಚ್ಚಿ ನಾಲ್ಕಡಿಗೆ ಇಳಿಸಿದ್ವಿ. ಕಮಲದ ವಂಶವೃಕ್ಷ ಬರೀರಿ ಅಂದಿದ್ದು ಮಾತ್ರ ನಾನು ಯೋಚನೆ ಮಾಡ್ದೆ ಕೊಟ್ಟ ಕೆಲಸ, ಅಪ್ಪ ಇಲ್ಲದ ಮಕ್ಕಳಿದಾರೆ, ಅಜ್ಜನ ಹೆಸರೇ ಗೊತ್ತಿಲ್ಲದವರಿದಾರೆ, ಇಬ್ರು ಅಳ್ತಾ ಕೂತ್ರು. ಅದರಲ್ಲಿ ಒಬ್ಳು ಮಾರನೇ ದಿನ ಅಮ್ಮ, ಅಜ್ಜಿ, ದೊಡ್ಡಮ್ಮ, ಅಂಗನವಾಡಿ ಟೀಚರು, ಬರೀ ಹೆಂಗಸರ ಮುಖನೇ ದಳದ ತುಂಬ ಬರ್ಕೊಂಡು ಬಂದ್ಲು. ಅದನ್ನ ಬಾಗಿಲ ಎದುರಿಗೇ ಹಾಕ್ಸಿದೆ.

ಪ್ರತಿ ಚಿತ್ರಕ್ಕೂ ಗ್ಯಾಲರಿಯಲ್ಲಿ ಇರೋ ಹಂಗೆ ಲೇಬಲ್ ಬೇಕು ಅಂತ ಅವರದ್ದೇ ಹಠ. ಒಬ್ಬ ಬರೆದಿದ್ದ, "ನಮ್ಮ ಹಸು ಗೌರಿ. ಜಲವರ್ಣ. 2014. ಮಾರಾಟಕ್ಕಿಲ್ಲ." ಧ್ವಜಾರೋಹಣ ಮುಗಿಸಿ ಬಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಅದರ ಮುಂದೆ ನಿಂತು ಓದಿ "ಚಿತ್ರ ಮಾರಲ್ವೋ, ಹಸು ಮಾರಲ್ವೋ" ಅಂದ್ರು. ಹುಡುಗ ಸ್ವಲ್ಪ ಯೋಚನೆ ಮಾಡಿ "ಅಪ್ಪನ್ನ ಕೇಳ್ಬೇಕು ಸಾ" ಅಂದ.

ಈ ವರ್ಷ ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಷನ್ನಲ್ಲಿರೋ ಎನ್‌ಜಿಎಂಎಗೆ, ಅಂದ್ರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗೋಣ ಅಂತಿದೀನಿ, ಸೋಮವಾರ ರಜಾ ಇರುತ್ತೆ ಅಲ್ಲಿ, ನೆನಪಿಟ್ಕೊಳ್ಳಿ. ಮುಂದಿನ ಭಾನುವಾರ ನಾನೊಬ್ನೇ ಹೋಗಿ ನೋಡ್ಕೊಂಡು ಬರ್ತೀನಿ. ಪಿಟಿ ಮೇಷ್ಟ್ರು ಈಗ್ಲೇ ಲಾಲ್‌ಬಾಗ್ ಸೇರ್ಸಿ ಅಂತ ಶುರು ಮಾಡಿದಾರೆ.