53 ಮಿಲಿಸೀಮನ್ಸ್ ಸ್ಟ್ಯಾಂಡರ್ಡ್ ಮನೆಯಲ್ಲೇ ಮಾಡಿದೆ: ನನ್ನ ಅನುಭವ

ಅಘನಾಶಿನಿ ಹೊಳೆಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಸಿಗಡಿ ಹೊಂಡ ಇಟ್ಟವರಿಗೆ, ಬೆಳಕು ಬಾಗುವುದನ್ನು ನೋಡಿ ನೀರಿನ ಉಪ್ಪು ಹೇಳುವ ರಿಫ್ರಾಕ್ಟೋಮೀಟರ್ ಕತೆ ಗೊತ್ತೇ ಇದೆ. ಬೇಸಿಗೆಯಲ್ಲಿ ಪರವಾಗಿಲ್ಲ. ಮಳೆಗಾಲದಲ್ಲಿ ಉಪ್ಪು 5 ಪಿಪಿಟಿಗಿಂತ (ಕೆಜಿ ನೀರಿಗೆ 5 ಗ್ರಾಂ) ಕೆಳಗಿಳಿದಾಗ ಆ ನೀಲಿ ಗೆರೆ ನೋಡಿ 2 ಅನ್ನಬೇಕೋ 4 ಅನ್ನಬೇಕೋ ತಿಳಿಯುವುದಿಲ್ಲ. ವೆನ್ನಾಮಿ ಸಿಗಡಿಯ ಮರಿ ಬಿಡುವ ದಿನ ಅಷ್ಟು ವ್ಯತ್ಯಾಸವೇ ದುಬಾರಿ. ಅದಕ್ಕೇ ಈಸಿ ಮೀಟರಿಗೆ ಕೈ ಹಾಕಿದೆ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅದು ಮಿಲಿಸೀಮನ್ಸ್‌ನಲ್ಲಿ ಅಳೆಯುತ್ತದೆ, ಉಪ್ಪು ಹೆಚ್ಚಿದಷ್ಟೂ ಅಂಕಿ ಹೆಚ್ಚು. "ಅದು ಬಾವಿ ನೀರಿಗೆ ಮಾರಾಯಾ, ಕಡಲಿಗಲ್ಲ" ಅಂತ ಪಕ್ಕದ ಹೊಂಡದವರು ನಕ್ಕರು. ಈಗ ಅವರೇ ಬಾಟಲಿ ಹಿಡಿದುಕೊಂಡು ಬರುತ್ತಾರೆ.

ಮೊದಲ ಪೆನ್ ಮೀಟರಿಗೆ ಎರಡು ಸಾವಿರ ಚಿಲ್ಲರೆ ಹೋಯಿತು. ಅದು 20 ಮಿಲಿಸೀಮನ್ಸ್‌ಗೆ ನಿಂತುಬಿಡುತ್ತದೆ. ಕಡಲ ನೀರನ್ನು ಹತ್ತು ಪಟ್ಟು ತೆಳು ಮಾಡಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸು ಅಂತ ಎಲ್ಲರೂ ಹೇಳುತ್ತಾರಲ್ವಾ? ಕಡಲ ನೀರಿಗೆ 53ರ ಆಸುಪಾಸು ಬರಬೇಕಾದಲ್ಲಿ 64 ಬಂತು. ತೆಳುವಾದ ನೀರಿನಲ್ಲಿ ಅಯಾನುಗಳು ಸಲೀಸಾಗಿ ಓಡಾಡುತ್ತವೆ, ಲೆಕ್ಕ ನೇರವಾಗಿ ಇಳಿಯುವುದಿಲ್ಲ. ಆ ಪೆನ್ನು ಈಗ ನಿಜಕ್ಕೂ ಬಾವಿ ನೀರಿಗೇ.

ಎರಡನೆಯದಕ್ಕೆ ಏಳೆಂಟು ಸಾವಿರ. ಜೊತೆಗೆ ಬಂದದ್ದು 1413 ಮೈಕ್ರೋಸೀಮನ್ಸ್ (ಸುಮಾರು 1.4 ಮಿಲಿಸೀಮನ್ಸ್) ಸ್ಟ್ಯಾಂಡರ್ಡ್, ಅಂದರೆ ಮೀಟರ್ ಹೊಂದಿಸಲು ಅಂಕಿ ಮೊದಲೇ ಗೊತ್ತಿರುವ ದ್ರಾವಣ. ಅದರಲ್ಲಿ ಹೊಂದಿಸಿ ಕಡಲ ನೀರಿಗೆ ಅದ್ದಿದರೆ 48, 49. 1.4ರಲ್ಲಿ ಕೂರಿಸಿದ ಮೀಟರನ್ನು 53ರಲ್ಲಿ ನಂಬುವುದು ಹೇಗೆ? 12.88 ಮಿಲಿಸೀಮನ್ಸ್ ಸ್ಟ್ಯಾಂಡರ್ಡ್ ಬಾಟಲಿ ತರಿಸಿದೆ. ಅದು ಸುಮಾರು 7.4 ಪಿಪಿಟಿಗೆ ಸಮ, ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ಬೇಸಿಗೆಗೆ ಮಾತ್ರ 53ರದ್ದು ಬೇಕೇ ಬೇಕು. ಕೊರಿಯರ್ ಸೇರಿ ಒಂದು ಬಾಟಲಿಗೆ ಎರಡು ಸಾವಿರದ ಹತ್ತಿರ ಹೇಳಿದರು. ಅಲ್ಲಿಗೆ ಸ್ವಂತ ತಯಾರಿ ಶುರು.

37.14 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್, 962.86 ಗ್ರಾಂ ಡಿಸ್ಟಿಲ್ಡ್ ವಾಟರ್. 25 ಡಿಗ್ರಿಯಲ್ಲಿ ಇದು 35 ಪಿಪಿಟಿ ಕಡಲ ನೀರಿನಷ್ಟೇ, ಅಂದರೆ 53 ಮಿಲಿಸೀಮನ್ಸ್ ತೋರಿಸುತ್ತದೆ. ಲೀಟರ್ ಅಳತೆ ಬೇಡ, ನೀರನ್ನೂ ತೂಗಿ. ಅಕ್ಕಸಾಲಿಗರ ಪುಟ್ಟ ತಕ್ಕಡಿ ಸಾಕು. ನಮ್ಮ ಕಡೆ ಮಳೆಗಾಲದ ಉಪ್ಪು ಸುಮ್ನೆ ತೇವ ಹೀರುತ್ತದೆ, ಹಾಗಾಗಿ ಹುರಿದು, ಮುಚ್ಚಿದ ಡಬ್ಬಿಯಲ್ಲಿ ಆರಿಸಿದ ಮೇಲೇ ತೂಕ. ಇದೇ ದ್ರಾವಣವನ್ನು ರಿಫ್ರಾಕ್ಟೋಮೀಟರಿಗೆ ಬಳಸಬೇಡಿ, ಅದಕ್ಕೆ ಒಂದು ಕೆಜಿ ದ್ರಾವಣದಲ್ಲಿ 36.5 ಗ್ರಾಂ ಬೇಕು.

ಸುಮ್ನಿರಲಾರದೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪಿನಲ್ಲೂ ಮಾಡಿ ನೋಡಿದೆ. 50 ದಾಟಲಿಲ್ಲ. ಹುರಿದ ಮೇಲೆ 52ಕ್ಕೆ ಬಂತು. ಮೀನು ಸಾರಿಗೆ ಆ ಉಪ್ಪಿಗೆ ಸಾಟಿಯಿಲ್ಲ, ಸ್ಟ್ಯಾಂಡರ್ಡಿಗೆ ಆಗದು.

ಇನ್ನೊಂದು, ಸಮುದ್ರ ವಿಜ್ಞಾನದವರ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ. ಕಡಲಿನ ಉಪ್ಪು ಹೇಳುವ 1978ರ ಲವಣಾಂಶ ಅಳತೆ ಪದ್ಧತಿ ನಿಂತಿರುವುದೇ ಅದರ ಮೇಲೆ: ಒಂದು ಕೆಜಿ ದ್ರಾವಣದಲ್ಲಿ 32.4356 ಗ್ರಾಂ. ಆದರೆ ಅದು 35ಕ್ಕೆ ಸರಿಹೊಂದುವುದು 15 ಡಿಗ್ರಿಯಲ್ಲಿ. ನಮ್ಮ ಶೆಡ್ಡಿನಲ್ಲಿ ಮಧ್ಯಾಹ್ನ 33. ಮೀನು ಪೆಟ್ಟಿಗೆಯ ಐಸಿನಲ್ಲಿಟ್ಟು ಇಳಿಸಿದೆ, 42.9ರ ಹತ್ತಿರ ಬಂತು, 15 ಡಿಗ್ರಿಯಲ್ಲಿ 35ರ ಕಡಲ ನೀರಿನ ಅಂಕಿಯೂ ಅದೇ. ಖುಷಿಗೆ ಸರಿ, ದಿನಾ ಮಾಡುವ ಕೆಲಸವಲ್ಲ. ಗೊಬ್ಬರದ ಕೆಂಪು ಪೊಟ್ಯಾಷ್ ಮಾತ್ರ ಮುಟ್ಟಬೇಡಿ. ಬರೀ ಕೆಸರು.

ಜಾಸ್ತಿ ಕಾಡಿದ್ದು ಶಾಖ. ಒಂದೊಂದು ಡಿಗ್ರಿಗೂ ಅಂಕಿ ಸುಮಾರು ಶೇಕಡಾ 2 ಏರುತ್ತದೆ. ಮೀಟರ್ ತಾನೇ ಸರಿಪಡಿಸುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ಆದರೂ ನಾನು ಸ್ಟ್ಯಾಂಡರ್ಡ್, ಸ್ಯಾಂಪಲ್, ಪ್ರೋಬ್ (ಮೀಟರಿನ ನೀರಿಗೆ ಅದ್ದುವ ತುದಿ) ಮೂರನ್ನೂ ಒಂದೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಡುತ್ತೇನೆ. ಪ್ರೋಬಿನೊಳಗಿನ ಗುಳ್ಳೆ ಬಿಡಿಸಲು ನನ್ನದೇ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಏಪ್ರಿಲ್‌ನಲ್ಲಿ ಕಡಲ ನೀರು ನನ್ನಲ್ಲಿ 34.4 ಪಿಪಿಟಿ ಅಂತ ಬಂತು. ಅದೇ ಬಾಟಲಿಯನ್ನು ಪರಿಚಯದ ಹುಡುಗನೊಬ್ಬ ಲ್ಯಾಬಿಗೆ ಒಯ್ದ. ಅಲ್ಲಿ 34.6. ದೊಡ್ಡ ಯಂತ್ರಕ್ಕೂ ನನ್ನ ಬಕೆಟ್ಟಿಗೂ ಅಷ್ಟೇ ಅಂತರ!

ಒಂದು ಲೀಟರ್ ಮಾಡಲು ಐವತ್ತು ರೂಪಾಯಿ ಒಳಗೇ ಆಗುತ್ತದೆ. ಮುಚ್ಚಳ ಸಡಿಲವಿದ್ದರೆ ನೀರು ಆವಿಯಾಗಿ ಅಂಕಿ ಏರುತ್ತದೆ. ಬಳಸಿದ್ದನ್ನು ವಾಪಸ್ ಬಾಟಲಿಗೆ ಸುರಿಯಬೇಡಿ, ತಿಂಗಳಿಗೊಮ್ಮೆ ಹೊಸದು ಮಾಡಿಕೊಳ್ಳಿ.