ಎತ್ತರದ ಕಟ್ಟಡ: ಕ್ಯಾಮೆರಾ ಎಲ್ಲಿಡಬೇಕು?

ಬಹುಮಹಡಿ ಕಟ್ಟಡದ ಫೋಟೊ ತೆಗೆಯಲು ಹೋದಾಗ ನಾನು ಲೆನ್ಸ್ ಆರಿಸುವುದು ಕೊನೆಗೆ. ಮೊದಲು ನಿಲ್ಲುವ ಜಾಗ ಗೊತ್ತಾಗಬೇಕು. ಕ್ಯಾಮೆರಾ ಮೇಲಕ್ಕೆತ್ತಿದಾಗ ಒಳಕ್ಕೆ ವಾಲಿದಂತೆ ಕಾಣುವ ಕಟ್ಟಡದ ಗೆರೆಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಬಹುದು. ಆದರೆ ಫೋಟೊದಲ್ಲಿ ಮರೆಯಾದದ್ದನ್ನು ಯಾವ ಸಾಫ್ಟ್‌ವೇರೂ ಹೊರತೆಗೆದು ಕೊಡುವುದಿಲ್ಲ.

ಬಾಲ್ಕನಿಗಳನ್ನೇ ನೋಡಿ. ಕಟ್ಟಡ 60 ಮೀಟರ್ ಎತ್ತರ, ಬಾಲ್ಕನಿ ಒಂದೂವರೆ ಮೀಟರ್ ಹೊರಚಾಚಿದೆ, ಒಂದೊಂದು ಮಹಡಿಯೂ 3 ಮೀಟರ್ ಎಂದಿಟ್ಟುಕೊಳ್ಳೋಣ. 20 ಮೀಟರ್ ದೂರದಿಂದ ತಲೆಯೆತ್ತಿ ನೋಡಿದರೆ ಮೇಲಿನ ಮಹಡಿಯ ಬಾಲ್ಕನಿಯ ಚಪ್ಪಡಿ ತನ್ನ ಹಿಂದಿನ ಗೋಡೆಯನ್ನು ಸುಮಾರು 4 ಮೀಟರಿನಷ್ಟು ಮುಚ್ಚುತ್ತದೆ. ಅಂದರೆ ಕಿಟಕಿ, ಬಾಗಿಲು ಎಲ್ಲವೂ ಹೋಯಿತು, ಉಳಿದದ್ದು ಚಪ್ಪಡಿಗಳ ತಳ ಮಾತ್ರ. 80 ಮೀಟರ್ ದೂರಕ್ಕೆ ಹಿಂದೆ ಸರಿದರೆ ಮರೆಯಾಗುವುದು ಒಂದು ಮೀಟರ್ ಅಷ್ಟೇ. ಹಾಗಾಗಿ ನಾನು ಮೊದಲು ಬರಿಗಣ್ಣಿನಲ್ಲಿ ಮೇಲಿನ ಮಹಡಿಯ ಕಿಟಕಿ ನೋಡುತ್ತಾ ಹಿಂದೆ ನಡೆಯುತ್ತೇನೆ. ಅದು ಅರ್ಧಕ್ಕಿಂತ ಹೆಚ್ಚು ಕಂಡ ಕಡೆ ನಿಲ್ಲುತ್ತೇನೆ.

ಆಮೇಲೆ ಲೆನ್ಸಿನ ಲೆಕ್ಕ. ಗೆರೆಗಳು ನೆಟ್ಟಗಿರಬೇಕಾದರೆ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಗೋಡೆಗೆ ಸಮಾನಾಂತರವಾಗಿರಬೇಕು. ಅಂದರೆ ಕ್ಯಾಮೆರಾವನ್ನು ಮೇಲಕ್ಕೆತ್ತದೆ ಮಟ್ಟವಾಗಿ ಹಿಡಿಯಬೇಕು. ಫುಲ್ ಫ್ರೇಮ್ (36×24 ಎಂಎಂ ಸೆನ್ಸರಿನ) ಕ್ಯಾಮೆರಾವನ್ನು ಉದ್ದುದ್ದಕ್ಕೆ ತಿರುಗಿಸಿ 24 ಎಂಎಂ ಲೆನ್ಸ್ ಹಾಕಿದಾಗ, ಕ್ಯಾಮೆರಾದ ಮಟ್ಟದಿಂದ ಮೇಲಕ್ಕೆ ಕಾಣುವುದು ದೂರದ ಮುಕ್ಕಾಲು ಭಾಗ. 40 ಮೀಟರಿನಿಂದ 30 ಮೀಟರ್ ಎತ್ತರ. ಈ ಲೆಕ್ಕದಲ್ಲಿ, ಕ್ಯಾಮೆರಾ ಕಣ್ಣಿನ ಎತ್ತರದಲ್ಲಿದ್ದರೆ, 60 ಮೀಟರ್ ಕಟ್ಟಡಕ್ಕೆ ಸುಮಾರು 78 ಮೀಟರ್ ದೂರ ಬೇಕು, ಮೇಲೆ ಸ್ವಲ್ಪ ಆಕಾಶ ಬೇಕೆಂದರೆ ಇನ್ನೂ ಹಿಂದೆ. ತೊಂದರೆ ಏನೆಂದರೆ ಫ್ರೇಮಿನ ಕೆಳಗಿನ ಅರ್ಧದಷ್ಟು ಬರೀ ರಸ್ತೆಯೇ ತುಂಬಿಕೊಳ್ಳುತ್ತದೆ. ನೀರು ನಿಂತ ನೆಲದಲ್ಲಿ ಪ್ರತಿಬಿಂಬವಿದ್ದರೆ ಅದು ವರ, ಇಲ್ಲದಿದ್ದರೆ ಕತ್ತರಿಸಿ ಬಿಸಾಡುವುದೇ.

ಇಲ್ಲಿ ಶಿಫ್ಟ್ ಲೆನ್ಸ್ ಕೈಹಿಡಿಯುತ್ತದೆ. ಕ್ಯಾಮೆರಾ ಮಟ್ಟವಾಗಿಯೇ ಇರುತ್ತದೆ, ಲೆನ್ಸ್ ಮಾತ್ರ ಮೇಲಕ್ಕೆ ಜಾರುತ್ತದೆ. 24 ಎಂಎಂ ಲೆನ್ಸನ್ನು 12 ಎಂಎಂ ಜಾರಿಸಿದರೆ ಅದೇ ಕಟ್ಟಡ 47 ಮೀಟರಿನಿಂದಲೇ ಹಿಡಿಸುತ್ತದೆ. ಆದರೆ ಬಾಲ್ಕನಿಯ ಲೆಕ್ಕ ಬದಲಾಗುವುದಿಲ್ಲ, ಹತ್ತಿರ ಹೋದಷ್ಟೂ ಮರೆಯಾಗುವುದು ಹೆಚ್ಚು. ಜಾಗವಿದ್ದರೆ ಶಿಫ್ಟ್ ಲೆನ್ಸಿದ್ದರೂ ನಾನು ಹಿಂದೆಯೇ ನಿಲ್ಲುತ್ತೇನೆ.

ನನಗೆ ತೀರಾ ಇಷ್ಟವಾದದ್ದು ಎದುರಿನ ಕಟ್ಟಡದ ಮಧ್ಯದ ಮಹಡಿ. 30 ಮೀಟರ್ ಎತ್ತರದಲ್ಲಿ ನಿಂತರೆ ಮೇಲೆ 30, ಕೆಳಗೆ 30. ಸಾದಾ 24 ಎಂಎಂ ಲೆನ್ಸಿಗೆ 40 ಮೀಟರ್ ದೂರ ಸಾಕು, ಫ್ರೇಮ್ ಪೂರ್ತಿ ಕಟ್ಟಡವೇ. ಅನುಮತಿ ಮೊದಲೇ ಕೇಳಿಟ್ಟುಕೊಳ್ಳಬೇಕು. ಗಾಜಿನ ಒಳಗಿನಿಂದ ತೆಗೆಯುವುದಾದರೆ ಕೋಣೆಯ ದೀಪ ಆರಿಸಿ, ಲೆನ್ಸನ್ನು ಗಾಜಿಗೆ ಆದಷ್ಟು ಹತ್ತಿರ ತಂದು ಸುತ್ತ ಕಪ್ಪು ಬಟ್ಟೆ ಹೊದಿಸಿ.

ಎರಡು ಮುಖ ಒಟ್ಟಿಗೆ ಕಾಣಬೇಕಿದ್ದರೆ ಮೂಲೆಯ ನೇರಕ್ಕೆ ನಿಲ್ಲಬೇಡಿ. ಎರಡೂ ಮುಖ ಸಮನಾಗಿ ಹಂಚಿಹೋಗಿ ಕಣ್ಣಿಗೆ ಎಲ್ಲಿ ನಿಲ್ಲಬೇಕೋ ತಿಳಿಯುವುದಿಲ್ಲ. ಮುಖ್ಯ ಮುಖಕ್ಕೆ ಮೂರರಲ್ಲಿ ಎರಡು ಪಾಲು ಸಿಗುವವರೆಗೆ ಪಕ್ಕಕ್ಕೆ ಸರಿಯಿರಿ. ಆ ಮುಖದ ಮೇಲೆ ಬಿಸಿಲು ಓರೆಯಾಗಿ ಬೀಳುವ ಹೊತ್ತನ್ನು ಆರಿಸಿಕೊಂಡರೆ ಸಜ್ಜಗಳ ನೆರಳು ಉದ್ದವಾಗಿ ಇಳಿದು ಮಹಡಿ ಮಹಡಿಯೂ ಬೇರೆಯಾಗಿ ಕಾಣುತ್ತದೆ. ಗಾಜಿನ ಕಟ್ಟಡವಾದರೆ ಹತ್ತು ಹೆಜ್ಜೆ ಅತ್ತಿತ್ತ ನಡೆದು ನೋಡಿ, ಗಾಜಿನೊಳಗಿನ ಪ್ರತಿಬಿಂಬವೇ ಬದಲಾಗುತ್ತದೆ.

ಜಾಗವೇ ಇಲ್ಲ, ಕ್ಯಾಮೆರಾ ಎತ್ತಲೇಬೇಕು ಎಂದಾದಾಗ ಎರಡು ದಾರಿ. 10–15 ಡಿಗ್ರಿಯೊಳಗೆ ಎತ್ತಿ, ಎರಡೂ ಪಕ್ಕ ಮತ್ತು ಮೇಲೆ ಧಾರಾಳವಾಗಿ ಜಾಗ ಬಿಟ್ಟು ತೆಗೆದು ಆಮೇಲೆ ನೆಟ್ಟಗೆ ಮಾಡುವುದು ಒಂದು. ತಿದ್ದುವಾಗ ಕೆಳಗಿನ ಎರಡು ಮೂಲೆಗಳು ಖಾಲಿ ಉಳಿಯುವುದರಿಂದ ಪಕ್ಕಗಳನ್ನು ಕತ್ತರಿಸಬೇಕಾಗುತ್ತದೆ, ಮೇಲಿನ ಮಹಡಿಗಳು ಹಿಗ್ಗಿ ಮಸುಕಾಗುತ್ತವೆ. ಪೂರ್ತಿ ನೆಟ್ಟಗೆ ಮಾಡಿದರೆ ಕಟ್ಟಡದ ತಲೆ ದಪ್ಪವಾದಂತೆ ಕಾಣುವುದರಿಂದ ನಾನು ಚೂರು ವಾಲಿಕೆ ಉಳಿಸುತ್ತೇನೆ.

ಇನ್ನೊಂದು, ಪೂರ್ತಿ ಮೇಲಕ್ಕೇ ನೋಡುವುದು. ಕಟ್ಟಡಗಳ ನಡುವಿನ ಅಂಗಳದ ನಟ್ಟನಡುವೆ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಇಟ್ಟು, 16 ಎಂಎಂ ಲೆನ್ಸ್ ಹಾಕಿ, ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಕೆಳಗೆ ಕಾಗದದ ಮಡಿಕೆ ತುರುಕಿ, 2 ಸೆಕೆಂಡ್ ಟೈಮರ್ ಹಾಕಿ ಪಕ್ಕಕ್ಕೆ ಸರಿಯುತ್ತೇನೆ. ಅಂಗಳದ ನಡುವನ್ನು ಅಂದಾಜಿನಲ್ಲಿ ಹಿಡಿಯಬಾರದು, ಹೆಜ್ಜೆ ಎಣಿಸಿಯೇ ಗುರುತು ಮಾಡಿಕೊಳ್ಳಬೇಕು.