ಮೊದಲು ಪಾಯಸ ಸರಿ ಮಾಡಿ, ಬೆಲ್ಲ ಆಮೇಲೆ ಮಾರಿ

ಮಂಡ್ಯದ ಹತ್ತಿರ ನಮ್ಮ ಚಿಕ್ಕಪ್ಪನದೊಂದು ಆಲೆಮನೆ ಇದೆ. ಮೊದಲೆಲ್ಲ ಅಲ್ಲಿನ ಬೆಲ್ಲ ಎಪಿಎಂಸಿ ಮಂಡಿಗೇ ಹೋಗುತ್ತಿತ್ತು. ಬಣ್ಣ ಬರಿಸುವ ಔಷಧಿ ಹಾಕದೆ ಬೆಲ್ಲ ಮಾಡೋಣ ಎಂದು ಅವರು ಹೊರಟ ವರ್ಷ ತಲೆನೋವು ಶುರುವಾಯಿತು. ಔಷಧಿ ಹಾಕದ ಬೆಲ್ಲ ಕಪ್ಪಗಿರುತ್ತದೆ, ಮಂಡಿಯಲ್ಲಿ ಬಣ್ಣಕ್ಕೇ ಬೆಲೆ. "ಯಾವಾಗ್ಲೂ ಫೋನ್ ಉಜ್ತಾ ಕೂತಿರ್ತೀಯಲ್ಲ, ಅದ್ರಲ್ಲೇ ಮಾರ್ಕೊಡ್ಲಾ" ಎಂದರು ಚಿಕ್ಕಪ್ಪ.

ಒಂದು ಭಾನುವಾರ ಬೆಳಿಗ್ಗೆ ಕೂತು, ನಾನಿದ್ದ 12 ಗ್ರೂಪಿಗೂ ಒಂದೇ ಜಾಹೀರಾತು ಅಂಟಿಸಿದೆ. "ಶುದ್ಧ ಸಾವಯವ ಬೆಲ್ಲ, ಇಂದೇ ಕರೆ ಮಾಡಿ", ಕೆಳಗೆ ನಂಬರು, ನಂಬರಿನ ಸುತ್ತ ಒಂದಷ್ಟು ಹೂವು. ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕು ಗ್ರೂಪಿನಿಂದ ನನ್ನನ್ನು ತೆಗೆದು ಹಾಕಿದ್ದರು. ಇನ್ನೊಂದರಲ್ಲಿ ಅಡ್ಮಿನ್ "ಇದೇನು ಸಂತೇನಾ?" ಎಂದು ಎಲ್ಲರೆದುರು ಕೇಳಿದರು. ಮಾರಾಟವಾಗಿದ್ದು ಎರಡು ಕೆ.ಜಿ., ಅದೂ ನಮ್ಮ ಅತ್ತೆ ಮನೆಗೆ.

ಆ ಅಡ್ಮಿನ್ ಕೇಳಿದ್ದು ಸರಿಯಾಗಿಯೇ ಇತ್ತು. ಸಂತೆಗೆ ಜನ ಕೊಳ್ಳೋಕೆ ಅಂತಲೇ ಬರುತ್ತಾರೆ, ಅಲ್ಲಿ ಕೂಗಬೇಕು. ವಾಟ್ಸಾಪ್ ಗ್ರೂಪು, ಫೇಸ್‌ಬುಕ್ ಗ್ರೂಪು ಅರಳಿಕಟ್ಟೆ ಇದ್ದ ಹಾಗೆ. ಅಲ್ಲಿ ಹೋಗಿ ಕೂರಬೇಕು, ನಾಲ್ಕು ಮಾತಾಡಬೇಕು. "ನಿಮ್ದು ಆಲೆಮನೆ ಅಲ್ವಾ?" ಎಂದು ಅವರಾಗಿ ಕೇಳಿದಾಗ ಹೇಳಬೇಕು. ಆಮೇಲಿನ ಎರಡು ವರ್ಷದಲ್ಲಿ ಬಿದ್ದೂ ಎದ್ದೂ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನೀವು ಮಾರುವುದು ಉಪ್ಪಿನಕಾಯಿ ಇರಲಿ, ಟ್ಯೂಷನ್ ಇರಲಿ, ದಾರಿ ಹೆಚ್ಚುಕಡಿಮೆ ಇದೇ.

ಮೂರು ಕಟ್ಟೆ ಆರಿಸಿ, ಜಾಸ್ತಿ ಬೇಡ

ಗ್ರೂಪಿನ ಗಾತ್ರ ನೋಡಿ ಮರುಳಾಗಬೇಡಿ. ಟೆಲಿಗ್ರಾಂ ಗ್ರೂಪಿಗೆ 2 ಲಕ್ಷ ಜನ ಹಿಡಿಸುತ್ತಾರೆ, ವಾಟ್ಸಾಪ್ ಗ್ರೂಪಿಗೆ 1024. ಆದರೆ ಸಾವಿರಾರು ಜನ ಇದ್ದೂ ಬರೀ ಶುಭೋದಯದ ಚಿತ್ರ ಬೀಳುವ ಗ್ರೂಪಿಗಿಂತ, ಮೈಸೂರಿನ ಕುವೆಂಪುನಗರದ್ದೋ ಬೋಗಾದಿಯದ್ದೋ 200 ಜನರ ಬಡಾವಣೆ ಗ್ರೂಪು ಮೇಲು. ಅಲ್ಲಿ ಒಬ್ಬರು ಕೊಂಡರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ.

ಫೇಸ್‌ಬುಕ್ ಗ್ರೂಪಿನೊಳಗೆ ಹುಡುಕುವ ಜಾಗ ಇರುತ್ತದೆ. ಅಲ್ಲಿ ನಿಮ್ಮ ಸರಕಿನ ಹೆಸರು ಹಾಕಿ ನೋಡಿ. ನಾನು "ಬೆಲ್ಲ" ಎಂದು ಹುಡುಕಿದಾಗ ಒಂದು ಅಡುಗೆ ಗ್ರೂಪಿನಲ್ಲಿ ರಾಶಿ ಪ್ರಶ್ನೆ ಸಿಕ್ಕವು. ವ್ಯಾಪಾರದ ಗ್ರೂಪೊಂದರಲ್ಲಿ ನನ್ನಂಥವರ ಜಾಹೀರಾತು ಮಾತ್ರ ಇದ್ದವು, ಕೇಳುವವರೇ ಇರಲಿಲ್ಲ. ಎಲ್ಲಿ ಕೂರಬೇಕು ಅನ್ನೋದು ಅಲ್ಲಿಗೇ ತಿಳಿಯಿತು. ಕೊನೆಗೆ ನಾನು ಉಳಿಸಿಕೊಂಡಿದ್ದು ಒಂದು ಅಡುಗೆ ಗ್ರೂಪು, ತಾರಸಿ ತೋಟದವರ ಒಂದು ಗ್ರೂಪು, ಮೈಸೂರಿನ ಒಂದು ಬಡಾವಣೆ ಗ್ರೂಪು.

ಇಂಗ್ಲಿಷ್ ಬಲ್ಲ ಹುಡುಗರು ನಿಮ್ಮ ಗಿರಾಕಿಗಳಾದರೆ, ವಿಷಯಕ್ಕೊಂದು ಗುಂಪಿರುವ ರೆಡ್ಡಿಟ್ ಎಂಬ ಚರ್ಚಾ ಜಾಲತಾಣ ನೋಡಬಹುದು. ಅಲ್ಲಿಯ ಹಳೇ ರೂಢಿಯೊಂದು ಎಲ್ಲ ಕಡೆಗೂ ಹೊಂದುತ್ತದೆ. ಹತ್ತು ಮಾತಾಡಿದರೆ ಅದರಲ್ಲಿ ಒಂದು ಮಾತ್ರ ನಿಮ್ಮ ಸರಕಿನದ್ದು.

ಎರಡು ವಾರ ಬಾಯಿ ಮುಚ್ಚಿಕೊಂಡಿರಿ

ಸೇರಿದ ದಿನವೇ ಪೋಸ್ಟ್ ಹಾಕಬೇಡಿ. ಮೊದಲು ಗ್ರೂಪಿನ ನಿಯಮ ಓದಿ. ಫೇಸ್‌ಬುಕ್ಕಿನಲ್ಲಿ ಅದಕ್ಕೆ ಬೇರೆ ಜಾಗವೇ ಇದೆ, ವಾಟ್ಸಾಪಿನಲ್ಲಾದರೆ ಗ್ರೂಪಿನ ಹೆಸರು ಒತ್ತಿದರೆ ವಿವರಣೆ ಕಾಣುತ್ತದೆ. ಕೆಲವು ಕಡೆ ವಾರಕ್ಕೊಂದು ದಿನ ಮಾರುವವರಿಗೆ ಬಿಟ್ಟಿರುತ್ತಾರೆ. ಕೆಲವರು ಫೋನ್ ನಂಬರ್ ಹಾಕಲು ಬಿಡುವುದಿಲ್ಲ.

ನಿಯಮದಲ್ಲಿ ಬರೆಯದೇ ಇರುವುದೂ ಇರುತ್ತದೆ. ಯಾರ ಮಾತಿಗೆ ಬೆಲೆ, ರಾತ್ರಿ ಎಷ್ಟು ಹೊತ್ತಿನವರೆಗೆ ಮೆಸೇಜ್ ಓಡುತ್ತದೆ, ಮೇಡಂ ಅನ್ನುತ್ತಾರೋ ಅಕ್ಕ ಅನ್ನುತ್ತಾರೋ, ಇವೆಲ್ಲ ಸುಮ್ನೆ ಓದುತ್ತಿದ್ದರೆ ಗೊತ್ತಾಗುತ್ತದೆ. ನಮ್ಮ ಬಡಾವಣೆ ಗ್ರೂಪಿನಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಒಳ್ಳೆ ಹೊತ್ತು. ಅಡುಗೆ ಕೆಲಸ ಮುಗಿದಿರುತ್ತದೆ, ಮಕ್ಕಳು ಸ್ಕೂಲಿನಿಂದ ಇನ್ನೂ ಬಂದಿರುವುದಿಲ್ಲ.

ಇನ್ನೊಂದು ಕೆಲಸ, ಅಡ್ಮಿನ್‌ಗೆ ಮೊದಲೇ ಖಾಸಗಿಯಾಗಿ ಒಂದು ಸಾಲು ಬರೆಯುವುದು. ನಾನು ಬರೆದದ್ದು ಇಷ್ಟೇ: "ನಮಸ್ಕಾರ ಮೇಡಂ, ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನ ಆಲೆಮನೆ ಇದೆ. ಬೆಲ್ಲದ ಬಗ್ಗೆ ಯಾರಾದರೂ ಕೇಳಿದರೆ ಗೊತ್ತಿರುವುದನ್ನು ಹೇಳಬಹುದಾ? ಮಾರುವ ಪೋಸ್ಟ್ ನಿಮ್ಮನ್ನು ಕೇಳದೆ ಹಾಕುವುದಿಲ್ಲ." ಮಾತು ಉಳಿಸಿಕೊಂಡೆ. ನಾಲ್ಕು ತಿಂಗಳ ನಂತರ ಅವರೇ "ಹಬ್ಬ ಬಂತಲ್ಲ, ಒಂದು ಪೋಸ್ಟ್ ಹಾಕಿ" ಎಂದರು.

ಮುಖ ತೋರಿಸಿ

ಪ್ರೊಫೈಲಿನಲ್ಲಿ ನಿಮ್ಮ ಹೆಸರು, ನಿಮ್ಮ ಫೋಟೋ, ಏನು ಮಾಡುತ್ತೀರಿ ಅನ್ನುವ ಒಂದು ಸಾಲು ಇರಲಿ. ಸೂರ್ಯಕಾಂತಿ ಹೂವಿನ ಫೋಟೋ ಹಾಕಿಕೊಂಡವರಿಂದ ಯಾರೂ ತಿನ್ನುವ ಪದಾರ್ಥ ಕೊಳ್ಳುವುದಿಲ್ಲ. ವ್ಯಾಪಾರಕ್ಕೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಬಳಸಿ. 2018ರಿಂದ ನಮ್ಮ ದೇಶದಲ್ಲಿದೆ, ದುಡ್ಡು ಕೊಡಬೇಕಿಲ್ಲ. ಸರಕಿನ ಫೋಟೋ ಮತ್ತು ದರ ಅದರ ಕ್ಯಾಟಲಾಗ್‌ನಲ್ಲಿ ಇಟ್ಟುಬಿಟ್ಟರೆ ಗ್ರೂಪಿನಲ್ಲಿ ಉದ್ದುದ್ದ ಬರೆಯುವುದು ತಪ್ಪುತ್ತದೆ. ತಿನ್ನುವ ಸರಕಾದರೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯ ನೋಂದಣಿ ಬೇಕೇ ಬೇಕು. 14 ಅಂಕಿಯ ಆ ನಂಬರು ಲೇಬಲ್ ಮೇಲೆ ಕಾಣುವಂತೆ ಫೋಟೋ ತೆಗೆಯಿರಿ.

ಒಂದು ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಭಾವಮೈದುನನ ಕೈಲಿ "ವಾವ್, ಈ ಬೆಲ್ಲ ತಗೊಂಡೆ, ಸೂಪರ್" ಎಂದು ಬರೆಸಿಬಿಡೋಣ ಅನ್ನುವ ಆಸೆ. ಬೇಡ. ಗ್ರೂಪಿನ ಜನ ಇಂಥದ್ದನ್ನು ಎರಡೇ ನಿಮಿಷದಲ್ಲಿ ಪತ್ತೆ ಹಚ್ಚುತ್ತಾರೆ. ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದುಡ್ಡೋ ಸರಕೋ ಪಡೆದು ಹೊಗಳುವವರು ಅದನ್ನು ಬಿಚ್ಚಿ ಹೇಳಬೇಕು ಎಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಸೂಚನೆ ಕೊಟ್ಟಿದೆ. ಆನ್‌ಲೈನ್ ವಿಮರ್ಶೆಗಳಿಗೆ ಬಿಐಎಸ್ (ಸರಕುಗಳಿಗೆ ಗುಣಮಟ್ಟ ಗೊತ್ತುಮಾಡುವ ಭಾರತೀಯ ಮಾನಕ ಸಂಸ್ಥೆ) 2022ರಲ್ಲೇ ಒಂದು ಮಾನದಂಡ ತಂದಿದೆ. ಭಾವಮೈದುನನಿಗೆ ಬೆಲ್ಲ ಕೊಡಿ, ತಿನ್ನಲಿ, ಅಷ್ಟು ಸಾಕು.

ಉತ್ತರ ಕೊಡಿ, ಪೂರ್ತಿ ಕೊಡಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಅಡುಗೆ ಗ್ರೂಪಿನಲ್ಲಿ ಒಂದು ಸಂಜೆ ಒಬ್ಬ ಅಕ್ಕ ಬರೆದಿದ್ದರು: "ಬೆಲ್ಲ ಹಾಕಿದ ತಕ್ಷಣ ಪಾಯಸ ಒಡೆದು ಹೋಯ್ತು. ಮನೇಲಿ ನೆಂಟರಿದ್ದಾರೆ. ಬೆಲ್ಲವೇ ಕಲಬೆರಕೆನಾ?" ಕೆಳಗೆ ಹತ್ತಾರು ಜನ "ಹೌದು ಕಲಬೆರಕೆ", "ನಾವು ಬೆಲ್ಲ ತರೋದೇ ಬಿಟ್ವಿ" ಎಂದಿದ್ದರು. ನಾನು ಬರೆದೆ:

"ಅಕ್ಕ, ಬೆಲ್ಲ ಕಲಬೆರಕೆ ಆಗಿರಲೇಬೇಕು ಅಂತೇನಿಲ್ಲ. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತದೆ. ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ. ಬೆಲ್ಲಕ್ಕೆ ಅರ್ಧ ಲೋಟ ನೀರು ಹಾಕಿ ಕರಗಿಸಿ, ಸೋಸಿ, ಆರಲು ಬಿಡಿ. ಪಾಯಸದ ಒಲೆ ಆರಿಸಿ ಹತ್ತು ನಿಮಿಷ ಬಿಟ್ಟು ಆಮೇಲೆ ಸೇರಿಸಿ. ಸೇರಿಸಿದ ಮೇಲೆ ಮತ್ತೆ ಕುದಿಸಬೇಡಿ. ನೆಂಟರಿಗೆ ಇವತ್ತು ಕಾಯಿಹಾಲಿನ ಪಾಯಸ ಮಾಡಿಬಿಡಿ, ತೊಂದರೆ ಕಮ್ಮಿ."

ನಮ್ಮ ಬೆಲ್ಲದ ಮಾತೇ ಇಲ್ಲ, ನಂಬರೂ ಇಲ್ಲ. ರಾತ್ರಿ ಎಂಟೂವರೆಗೆ ಆ ಅಕ್ಕ ಪಾಯಸದ ಫೋಟೋ ಹಾಕಿ ಥ್ಯಾಂಕ್ಸ್ ಹೇಳಿದರು. ಮಾರನೇ ದಿನ ಮೂರು ಜನ ನನ್ನ ಪ್ರೊಫೈಲ್ ನೋಡಿ, "ಆಲೆಮನೆಯವರಂತೆ, ಬೆಲ್ಲ ಕೊಡ್ತೀರಾ?" ಎಂದು ಇನ್‌ಬಾಕ್ಸ್‌ಗೆ ಬಂದರು. ಆ ಉತ್ತರ ಇವತ್ತಿಗೂ ಗ್ರೂಪಿನಲ್ಲಿದೆ. ಯಾರಾದರೂ "ಪಾಯಸ" ಎಂದು ಹುಡುಕಿದರೆ ಸಿಗುತ್ತದೆ. ವಾಟ್ಸಾಪಿಗಿಂತ ಫೇಸ್‌ಬುಕ್ ಗ್ರೂಪು ಮೇಲು ಎಂದು ನನಗನ್ನಿಸುವುದು ಇದಕ್ಕೇ. ವಾಟ್ಸಾಪಿನಲ್ಲಿ ನಿನ್ನೆಯ ಮಾತು ಇವತ್ತು ಮೇಲಕ್ಕೆ ಹೋಗಿ ಮಾಯವಾಗಿರುತ್ತದೆ.

ನಿಮ್ಮ ಕಸುಬಿನಲ್ಲಿ ಜನ ಪದೇ ಪದೇ ಕೇಳುವ ಹತ್ತು ಪ್ರಶ್ನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದೊಂದಕ್ಕೂ ಉತ್ತರ ತಯಾರಿರಲಿ. ನಮ್ಮಲ್ಲಿ ಜಾಸ್ತಿ ಬರುವುದು "ಬೆಲ್ಲ ಯಾಕೆ ಕಪ್ಪು?" ಅನ್ನುವುದು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿದರೆ ಕಂದು ಬಣ್ಣ ತಾನಾಗಿ ಬರುತ್ತದೆ. ಹಳದಿ ಬರಲಿ ಎಂದು ಕೆಲವರು ಹೈಡ್ರೋಸ್ ಎಂಬ ಪುಡಿ ಹಾಕುತ್ತಾರೆ. ಅದರಿಂದ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ. ಅದು 70 ಪಿಪಿಎಂ, ಅಂದರೆ ಕೆ.ಜಿ.ಗೆ 70 ಮಿಲಿಗ್ರಾಂ ದಾಟಬಾರದು ಎಂದು ಎಫ್‌ಎಸ್‌ಎಸ್‌ಎಐ ಮಿತಿ ಹಾಕಿದೆ. ನಾವು ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುತ್ತೇವೆ. ಕೊಪ್ಪರಿಗೆಯಲ್ಲಿ ನೊರೆ ಉಕ್ಕುವಾಗ ಚಿಕ್ಕಪ್ಪ ಅದನ್ನು ಜಾಲರಿಯಲ್ಲಿ ತೆಗೆಯುವ ಅರ್ಧ ನಿಮಿಷದ ವಿಡಿಯೋ ಒಂದನ್ನು ಈ ಉತ್ತರದ ಜೊತೆ ಹಾಕಿದ್ದೆ. ಹೊಗೆ, ಅವರ ಹಳೇ ಬನಿಯನ್ನು, ಹಿಂದೆ ನಾಯಿ ಬೊಗಳುವ ಸದ್ದು, ಎಲ್ಲ ಹಾಗೇ ಇತ್ತು. ಮದುವೆ ಫೋಟೋ ತೆಗೆಯುವವರ ಕೈಲಿ ದುಡ್ಡು ಕೊಟ್ಟು ಮಾಡಿಸಿದ ಇನ್ನೊಂದು ವಿಡಿಯೋ ಯಾರೂ ನೋಡಲಿಲ್ಲ.

ಎರಡು ಕಡೆ ನಾಲಿಗೆ ಹಿಡಿಯಬೇಕು. ಬೇರೆಯವರ ಸರಕನ್ನು ಹೆಸರು ಹಿಡಿದು ಬೈಯಬೇಡಿ. ಮತ್ತೆ, ವ್ಯಾಪಾರ ಕುದುರಲಿ ಅಂತ ಸುಳ್ಳು ಹೇಳಬೇಡಿ. "ಶುಗರ್ ಇರೋರು ಈ ಬೆಲ್ಲ ತಿನ್ನಬಹುದಾ?" ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಬೆಲ್ಲದಲ್ಲೂ ಇರುವುದು ಸಕ್ಕರೆಯೇ, ರಕ್ತದಲ್ಲಿ ಶುಗರ್ ಏರುತ್ತದೆ, ಡಾಕ್ಟರನ್ನು ಕೇಳಿ ಎಂದೇ ಬರೆಯುತ್ತೇನೆ. ಚಿಕ್ಕಪ್ಪನಿಗೆ ಇದು ಅಷ್ಟು ಹಿಡಿಸಲಿಲ್ಲ. "ಬರೋ ಗಿರಾಕೀನ ನೀನೇ ಓಡಿಸ್ತೀಯಲ್ಲಪ್ಪ" ಎಂದರು. ಹಾಗೆ ಕೇಳಿದ ಒಬ್ಬ ಯಜಮಾನರು ತಮಗೆ ತೆಗೆದುಕೊಳ್ಳಲಿಲ್ಲ. ಮಗಳ ಮನೆಗೆ ಐದು ಕೆ.ಜಿ. ಕಳಿಸಿ ಎಂದರು.

ಮಾರುವ ಪೋಸ್ಟ್ ಹೇಗಿರಬೇಕು

ಅನುಮತಿ ಸಿಕ್ಕ ಮೇಲೆ ಹಾಕುವ ಪೋಸ್ಟಿನಲ್ಲಿ ದರ ಬರೆಯಿರಿ. "ದರಕ್ಕೆ ಇನ್‌ಬಾಕ್ಸ್ ಮಾಡಿ" ಅಂದರೆ ಅರ್ಧ ಜನ ಅಲ್ಲೇ ಮುಂದೆ ಹೋಗುತ್ತಾರೆ. ಎಷ್ಟು ಸರಕಿದೆ, ಯಾವತ್ತು ಕಾಸಿದ್ದು, ಮೈಸೂರಿಗೆ ಯಾವ ದಿನ ತಲುಪಿಸುತ್ತೀರಿ, ಸಾಗಣೆ ಖರ್ಚು ಯಾರದು, ಇಷ್ಟಿದ್ದರೆ ಸಾಕು. ನಮ್ಮ ಕೊನೆಯ ಪೋಸ್ಟಿನ ಮೊದಲ ಸಾಲು ಹೀಗಿತ್ತು: "ಮೊನ್ನೆ ಮಂಗಳವಾರ ಕಾಸಿದ ಬೆಲ್ಲ 80 ಕೆ.ಜಿ. ಇದೆ, ಶನಿವಾರ ಬೋಗಾದಿ ಕಡೆ ಬರುತ್ತಿದ್ದೇನೆ." ಒಂದೇ ಬರಹವನ್ನು ಮೂರೂ ಗ್ರೂಪಿಗೆ ಅಂಟಿಸಬೇಡಿ. ತಾರಸಿ ತೋಟದವರಿಗೆ ಪಾಯಸ ಬೇಕಿಲ್ಲ, ಅವರು ಜೀವಾಮೃತ ಎಂಬ ಗಿಡದ ಗೊಬ್ಬರಕ್ಕೆ ಬೆಲ್ಲ ಕೇಳುತ್ತಾರೆ. ಅದಕ್ಕೆ ಆಕಾರ ಕೆಟ್ಟ, ಒಡೆದ ಅಚ್ಚು ಕಡಿಮೆ ದರಕ್ಕೆ ಕೊಟ್ಟರೂ ಆಗುತ್ತದೆ.

ಒಮ್ಮೆ ಕೊಂಡವರನ್ನು ಕೇಳದೆ ಹೊಸ ಗ್ರೂಪಿಗೆ ಎಳೆದು ಹಾಕಬೇಡಿ. ಅಲ್ಲಿ ಅವರ ನಂಬರು ಎಲ್ಲರಿಗೂ ಕಾಣುತ್ತದೆ, ಹೆಂಗಸರಿಗಂತೂ ಅದರಿಂದ ಕಿರಿಕಿರಿ. ವಾಟ್ಸಾಪಿನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೊಳ್ಳಿ, ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ. ಒಂದು ಲಿಸ್ಟಿಗೆ 256 ಜನ. ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ತಲುಪುತ್ತದೆ. ಹಾಗಾಗಿ ಪ್ಯಾಕೆಟ್ಟಿನೊಳಗೆ "ನಂಬರ್ ಸೇವ್ ಮಾಡಿಕೊಳ್ಳಿ" ಎಂದು ಒಂದು ಚೀಟಿ ಇಡುತ್ತೇವೆ.

ಬೈಗುಳ ಬಂದ ದಿನ

ಮಳೆಗಾಲದಲ್ಲಿ ನಮಗೆ ಸರಿಯಾದ ಪೆಟ್ಟು ಬಿತ್ತು. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಔಷಧಿ ಹಾಕದ ಬೆಲ್ಲ ಬೇಗ ಮೆತ್ತಗಾಗುತ್ತದೆ. ವಿಜಯನಗರದ ಗಿರಾಕಿಯೊಬ್ಬರು ಜಿನುಗುತ್ತಿದ್ದ ಪ್ಯಾಕೆಟ್ಟಿನ ಫೋಟೋವನ್ನು ಬಡಾವಣೆ ಗ್ರೂಪಿಗೇ ಹಾಕಿ, "ಇದಕ್ಕೆ ಇಷ್ಟು ದುಡ್ಡು ಬೇರೆ" ಎಂದರು. ಓದಿ ಹೊಟ್ಟೆ ಹಿಂಡಿದ ಹಾಗಾಯಿತು. ಅಡ್ಮಿನ್‌ಗೆ ಹೇಳಿ ತೆಗೆಸಿಬಿಡೋಣ ಎಂದೂ ಅನ್ನಿಸಿತು.

ತೆಗೆಸಲಿಲ್ಲ. ಎಲ್ಲರೆದುರೇ ಉತ್ತರ ಬರೆದೆ: "ಮೇಡಂ, ಪ್ಯಾಕಿಂಗ್ ನಮ್ಮ ತಪ್ಪು, ಮಳೆಗೆ ಒಂದೇ ಕವರ್ ಸಾಲಲಿಲ್ಲ. ಶನಿವಾರ ಬೇರೆ ಬೆಲ್ಲ ತಂದುಕೊಡುತ್ತೇನೆ, ಬೇಡವಾದರೆ ದುಡ್ಡು ವಾಪಸ್. ಬೇರೆ ಯಾರಿಗಾದರೂ ಹೀಗಾಗಿದ್ದರೆ ಹೇಳಿ." ವಿಳಾಸ, ಹಣದ ಮಾತು ಮಾತ್ರ ಖಾಸಗಿಯಾಗಿ ಆಡಿದೆ. ಇನ್ನಿಬ್ಬರು ಕೈ ಎತ್ತಿದರು, ಅವರಿಗೂ ಬದಲಾಯಿಸಿ ಕೊಟ್ಟೆವು. ಆ ವಾರ ನಷ್ಟವೇ ಆಯಿತು. ಆದರೆ ಗ್ರೂಪು ನಮ್ಮನ್ನು ಬಿಡಲಿಲ್ಲ. ಈಗ ಮಳೆಗಾಲದಲ್ಲಿ ಬೆಲ್ಲವನ್ನು ಪುಡಿ ಮಾಡಿ, ಒಣಗಿಸಿ, ಎರಡು ಕವರಿನಲ್ಲಿ ಕೊಡುತ್ತೇವೆ. ಆ ಉಪಾಯವನ್ನೂ ಅದೇ ಗ್ರೂಪಿನ ಇನ್ನೊಬ್ಬರು ಕೊಟ್ಟಿದ್ದು.

ಮೋಸದವರೂ ಇದೇ ಗ್ರೂಪುಗಳಲ್ಲಿ ಕಾಯುತ್ತಿರುತ್ತಾರೆ. ದೊಡ್ಡ ಆರ್ಡರ್ ಹೇಳಿ, "ದುಡ್ಡು ಬರಬೇಕಾದರೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅನ್ನುತ್ತಾರೆ. ಯುಪಿಐನಲ್ಲಿ ಪಿನ್ ಹಾಕುವುದು ದುಡ್ಡು ಕೊಡೋಕೆ, ತಗೊಳ್ಳೋಕೆ ಅಲ್ಲ. ಮೋಸ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಲೆಕ್ಕ ಇಡಿ

ಹೊಸ ಗಿರಾಕಿ ಬಂದಾಗಲೆಲ್ಲ "ನಮ್ಮ ವಿಷಯ ಎಲ್ಲಿ ಗೊತ್ತಾಯ್ತು?" ಎಂದು ಕೇಳಿ ಬರೆದುಕೊಳ್ಳಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಹಚ್ಚಲು ಬರುತ್ತದೆ. ನಮ್ಮ ಲೇಬಲ್‌ಗಳು "ಪಾಯಸದವರು", "ತಾರಸಿಯವರು", "ಬೋಗಾದಿ". ಮೂರು ತಿಂಗಳು ಕಳೆದರೂ ಯಾವ ಗ್ರೂಪಿನಿಂದ ಒಬ್ಬರೂ ಬರಲಿಲ್ಲವೋ ಅಲ್ಲಿಂದ ಏಳಿ. ಲೈಕ್ ಎಣಿಸುತ್ತಾ ಕೂರಬೇಡಿ, ನಮ್ಮ ಅತಿ ಹೆಚ್ಚು ಲೈಕ್ ಬಂದ ಫೋಟೋ ಆಲೆಮನೆಯ ಬೆಕ್ಕಿನದ್ದು.

ಕೊನೆಗೆ ಕಾಲದ ವಿಷಯ. ಸಂಕ್ರಾಂತಿಯ ಹಿಂದಿನ ದಿನ ಬೆಲ್ಲದ ಪೋಸ್ಟ್ ಹಾಕಿದರೆ ಏನೂ ಪ್ರಯೋಜನವಿಲ್ಲ. ಎಳ್ಳು-ಬೆಲ್ಲಕ್ಕೆ ಬೆಲ್ಲವನ್ನು ಸಣ್ಣದಾಗಿ ಹೆಚ್ಚಿ ಬಿಸಿಲಿಗೆ ಹಾಕುವ ಕೆಲಸ ಮೊದಲೇ ಶುರುವಾಗಿರುತ್ತದೆ. ಡಿಸೆಂಬರ್ ಕೊನೆಯ ವಾರಕ್ಕೆ "ಬೆಲ್ಲ ಹೆಚ್ಚುವಾಗ ಪುಡಿಯಾಗುತ್ತೆ, ಏನು ಮಾಡೋದು?" ಅನ್ನುವ ಪ್ರಶ್ನೆ ಗ್ರೂಪಿನಲ್ಲಿ ಬಿದ್ದೇ ಬೀಳುತ್ತದೆ. ಈ ಸಲದ ಉತ್ತರವನ್ನು ಚಿಕ್ಕಪ್ಪ ತಾವೇ ಹೇಳಿ ನನ್ನ ಕೈಲಿ ಬರೆಸಿದ್ದಾರೆ.